ಕೂರೂವಿನಿಂದ ಹಾರಿದ ಮಾಲಿನಿಯ ಕೊಡೆ

ಲಕ್ಷ್ಮೀಪುರಂ

ವಿದೇಶಕ್ಕೆ ಹೊರಟವಳು ಹೊಸಿಲು ದಾಟಿದ ಮೇಲೆ ಮತ್ತೆ ಒಳಗೆ ಬಂದು, ಕುರ್ಚಿಯಲ್ಲಿ ಕುಳಿತು, ಒಂದು ಲೋಟ ನೀರು ಕುಡಿಯಬೇಕಾಯಿತು. ತಪ್ಪು ನನ್ನದೇ. ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ ಗಡಿಬಿಡಿಯಲ್ಲಿ "ನಾ ಹೊರಟೆ ಕಣೇ" ಅಂದುಬಿಟ್ಟೆ. ತಂಗಿ ಸುಶೀಲ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ಹೊರಟೆ ಅಂತಾರೇನೇ ಅಕ್ಕ? ಒಳಗ್ಬಾ. ಕೂತ್ಕೊ. ನೀರು ಕುಡಿ. ಈಗ ಸರಿಯಾಗಿ ಹೇಳು."

"ಹೋಗ್ಬಿಟ್ಟು ಬರ್ತೀನಿ ಕಣಮ್ಮ."

"ಹೂಂ. ಹೋಗ್ಬಿಟ್ಟು ಬಾ."

ನಮ್ಮ ಮನೆಯಲ್ಲಿ ಸೊಪ್ಪು ತರಲು ಹೋಗುವವರೂ 'ಹೋಗಿ ಬರುತ್ತೇನೆ' ಎಂದೇ ಹೇಳಬೇಕು. ಹೊರಟವರನ್ನು ಹಿಂದಿನಿಂದ ಕೂಗಬಾರದು, 'ಎಲ್ಲಿಗೆ' ಎಂದು ಕೇಳಬಾರದು. ಅಪ್ಪಿತಪ್ಪಿ ಏನಾದರೂ ಎಡವಟ್ಟಾದರೆ ಕುಳಿತು ನೀರು ಕುಡಿದು ಹೊಸದಾಗಿ ಹೊರಡಬೇಕು. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತಳಾದ ನಾನು ಇದನ್ನೆಲ್ಲ ನಂಬುತ್ತೇನೆಯೇ ಎಂದು ಕೇಳಿದರೆ, ನಂಬುವುದಿಲ್ಲ. ಆದರೆ ಮೀರುವುದೂ ಇಲ್ಲ.

ನಾನು ಹೊರಟದ್ದು ದಕ್ಷಿಣ ಅಮೆರಿಕದ ಕೂರೂ ಎಂಬ ಊರಿಗೆ, ಒಂದು ಟಿವಿ ಉಪಗ್ರಹದ ಉಡಾವಣೆ ನೋಡಲು. ಸುಶೀಲಳ ಮಗಳು ಮಾಲಿನಿ ಬೆಂಗಳೂರಿನಲ್ಲಿ ಉಪಗ್ರಹ ಕಟ್ಟುವ ಕಂಪನಿಯೊಂದರಲ್ಲಿ ಎಂಜಿನಿಯರ್. ನಮ್ಮ ನಿಮ್ಮ ತಾರಸಿಯ ಮೇಲಿರುವ ಡಿಶ್ಶುಗಳಿಗೆ ಧಾರಾವಾಹಿ, ಕ್ರಿಕೆಟ್ಟು, ಅಡುಗೆ ಕಾರ್ಯಕ್ರಮಗಳನ್ನು ಮೇಲಿನಿಂದ ಸುರಿಯುವ ಉಪಗ್ರಹ ಅದು. ಅದಕ್ಕೂ ಒಂದು ದೊಡ್ಡ ಡಿಶ್ ಇರುತ್ತದೆ. ರಾಕೆಟ್ಟಿನ ಮೂತಿಯೊಳಗೆ ಹಿಡಿಸಬೇಕಲ್ಲ, ಅದಕ್ಕಾಗಿ ಕೊಡೆಯ ಹಾಗೆ ಮಡಚಿ ಕಳಿಸುತ್ತಾರೆ. ಮೇಲೆ ಹೋದ ಮೇಲೆ ಅದು ತಾನಾಗಿ ಬಿಚ್ಚಿಕೊಳ್ಳಬೇಕು. ಆ ಮಡಚುವ, ಬಿಚ್ಚುವ ಭಾಗದ ಜವಾಬ್ದಾರಿ ಮಾಲಿನಿಯದು.

ಅವಳ ಹಿಂದಿನ ಉಪಗ್ರಹದಲ್ಲಿ ಅದು ಬಿಚ್ಚಲಿಲ್ಲ. ಏಣಿ ಹಾಕಿ ರಿಪೇರಿ ಮಾಡುವ ಜಾಗವೂ ಅಲ್ಲ. ಉಪಗ್ರಹ ಯಾವ ಕೆಲಸಕ್ಕೂ ಬಾರದೆ ಹೋಯಿತು. ಆ ನೋವು ಒಂದು ಕಡೆಯಾದರೆ, ಆಮೇಲೆ ಬಂದ ನಂಟರ ಮದುವೆಯೊಂದರಲ್ಲಿ ಇನ್ನೊಂದು. ಊಟದ ಪಂಕ್ತಿಯಲ್ಲಿ ಎದುರು ಸಾಲಿನಲ್ಲಿ ಕೂತಿದ್ದ ನಮ್ಮ ಸೋದರಮಾವನ ಮಗ ಶ್ರೀಧರ, ಬಾಯಿಗೆ ಹೋಳಿಗೆ ಹಾಕಿಕೊಂಡೇ, ಎಲ್ಲರಿಗೂ ಕೇಳುವಂತೆ, "ಏನಮ್ಮ ಮಾಲಿನಿ, ನಿನ್ ಕೊಡೆ ಬಿಚ್ಕೊಳ್ಳೇ ಇಲ್ವಂತೆ?" ಎಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮಾಲಿನಿ ಅರ್ಧ ಊಟಕ್ಕೆ ಎದ್ದುಹೋದಳು. ನಮ್ಮಲ್ಲಿ ಎಲೆಯ ಮುಂದಿನಿಂದ ಹಾಗೆ ಏಳುವುದು ಸಣ್ಣ ಮಾತಲ್ಲ. ಅಂದಿನಿಂದ ನಂಟರ ಮನೆಯ ಒಂದು ಶುಭಕಾರ್ಯಕ್ಕೂ ಅವಳು ಬಂದಿಲ್ಲ.

ಈ ಸಲ ತಂಡದ ಒಬ್ಬೊಬ್ಬರೂ ಮನೆಯವರೊಬ್ಬರನ್ನು ಕರೆತರಬಹುದು ಎಂದಾಗ ನ್ಯಾಯವಾಗಿ ಹೋಗಬೇಕಾದವಳು ಸುಶೀಲ. ಚಾಮುಂಡಿ ಬೆಟ್ಟದ ತಿರುವುಗಳಲ್ಲೇ ಕಣ್ಣು ಮುಚ್ಚಿ ಕೂರುವ ಅವಳು ವಿಮಾನ ಹತ್ತುವುದುಂಟೆ? "ನಿಮ್ ದೊಡ್ಡಮ್ಮನ್ನೇ ಕರ್ಕೊಂಡ್ಹೋಗು, ಭೂಮಿ ಎಲ್ಲಾ ಗೊತ್ತು ಅವಳಿಗೆ" ಎಂದು ನನ್ನನ್ನು ಮುಂದೆ ತಳ್ಳಿದಳು. ಮಾಲಿನಿ ಮೊದಲೇ ಹೋಗಿದ್ದಳು. ನಾನು ಹಿಂದಿನಿಂದ ಒಬ್ಬಳೇ ಹೊರಟೆ. ಹೊರಟೆ ಅಲ್ಲ, ಹೋಗಿ ಬರಲು ಹೊರಟೆ.

ಪ್ಯಾರಿಸ್

ಪ್ಯಾರಿಸ್ಸಿನಲ್ಲಿ ಸಮವಸ್ತ್ರದ ಅಧಿಕಾರಿಯೊಬ್ಬ ಪಾಸ್‌ಪೋರ್ಟ್ ಕೈಗೆ ತೆಗೆದುಕೊಂಡವನೇ ಕೇಳಿದ ಮೊದಲ ಪ್ರಶ್ನೆ: "ಎಲ್ಲಿಗೆ ಹೋಗುತ್ತಿದ್ದೀರಿ?"

ಅವನಿಗೇನು ಗೊತ್ತು ಪಾಪ. ಪಕ್ಕಕ್ಕೆ ಹೋಗಿ ಸೂಟ್‌ಕೇಸಿನ ಮೇಲೆ ಕುಳಿತೆ. ನೀರು ಕುಡಿಯೋಣವೆಂದರೆ ಬಾಟಲಿಯನ್ನು ತಪಾಸಣೆಯಲ್ಲಿ ಕಿತ್ತುಕೊಂಡಿದ್ದರು. ಅದರ ಜೊತೆಗೆ ಮಾಲಿನಿಗೆಂದು ಸುಶೀಲ ಕೈನೋಯಿಸಿಕೊಂಡು ಮಾಡಿದ್ದ ಪುಳಿಯೋಗರೆ ಗೊಜ್ಜೂ ಹೋಗಿತ್ತು. ಗೊಜ್ಜು ದ್ರವವಂತೆ! ಚಮಚ ನೆಟ್ಟರೆ ನಿಲ್ಲುವ ಗೊಜ್ಜನ್ನು ದ್ರವ ಎನ್ನುವ ದೇಶದ ವಿಜ್ಞಾನದ ಬಗ್ಗೆ ನನಗೆ ಆಗಲೇ ಅನುಮಾನ ಬಂತು. ಕೊನೆಗೆ ಉಗುಳು ನುಂಗಿ ಎದ್ದೆ.

ಅಲ್ಲಿಂದ ಊರಿನ ಇನ್ನೊಂದು ಮೂಲೆಯ ವಿಮಾನ ನಿಲ್ದಾಣಕ್ಕೆ ಬಸ್ಸಿನಲ್ಲಿ ಹೋಗಿ ಬೇರೆ ವಿಮಾನ ಹಿಡಿಯಬೇಕು. ಅಟ್ಲಾಂಟಿಕ್ ದಾಟಿ ದಕ್ಷಿಣ ಅಮೆರಿಕಕ್ಕೆ ಹೋಗುವ ಆ ವಿಮಾನ ಅವರ ಲೆಕ್ಕದಲ್ಲಿ ಸ್ವದೇಶದ್ದೇ. ಕೂರೂ ಇರುವ ಫ್ರೆಂಚ್ ಗಯಾನ ಇವತ್ತಿಗೂ ಫ್ರಾನ್ಸಿನ ಭಾಗ. "ಫ್ರಾನ್ಸಿನ ಗಡಿ ಬ್ರೆಜಿಲ್‌ಗೆ ತಾಗುತ್ತದೆ, ಸರಿಯೋ ತಪ್ಪೋ?" ಎಂದು ಕೇಳಿ ನಾನು ಎಷ್ಟು ಮಕ್ಕಳನ್ನು ಬೇಸ್ತು ಬೀಳಿಸಿದ್ದೇನೋ! ಈಗ ಆ ಪ್ರಶ್ನೆಯ ಒಳಗೇ ಕೂತು ಹಾರುತ್ತಿದ್ದೇನೆ ಎನ್ನುವ ಖುಷಿಗೆ ಪಕ್ಕದವನಿಗೂ ಅದನ್ನೇ ಕೇಳಿದೆ. ಅವನು ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದ.

ಕೂರೂ

ಕಾಡು, ಕೆಂಪು ಮಣ್ಣು, ಬೆವರು, ಮಳೆ. ಇಳಿದ ಕೂಡಲೇ ಕಂಡದ್ದು ಇಷ್ಟೇ. ಬೇಸಗೆಯ ಮಂಗಳೂರಿನ ಸೆಕೆಯನ್ನು ಎರಡು ಪಟ್ಟು ಮಾಡಿ ಜನರನ್ನು ಮುಕ್ಕಾಲು ಪಾಲು ಖಾಲಿ ಮಾಡಿಸಿದರೆ ಹೀಗಿರಬಹುದು. ಅಂಥ ಕಾಡಿನ ನಡುವೆ ಬೆಳಿಗ್ಗೆ ಎದ್ದರೆ ಎಲ್ಲರ ಕಂಕುಳಲ್ಲೂ ಮೊಳದುದ್ದದ ಫ್ರೆಂಚ್ ಬ್ರೆಡ್ಡು.

ನಾನು ಉಳಿದದ್ದು ಮಾರ್ಲೆನ್ ಎಂಬ ವಿಧವೆಯ ಮನೆಯ ಮೇಲಿನ ಕೋಣೆಯಲ್ಲಿ. ನನ್ನ ವಯಸ್ಸಿನವಳೇ, ನನ್ನಷ್ಟೇ ಬಾಯಿ. ಅವಳ ಇಂಗ್ಲಿಷು ಅರ್ಧ, ನನ್ನ ಫ್ರೆಂಚು ಸೊನ್ನೆ, ಆದರೂ ನಮ್ಮ ಮಾತು ನಿಂತದ್ದೇ ಇಲ್ಲ. ಮೊದಲ ದಿನವೇ ನನಗೆ ಒಂದು ಪಾಠ ಮಾಡಿದಳು. ನಾನು ಅಂಗಡಿಗೆ ಹೋಗಿ "ನೀರಿನ ಬಾಟಲಿ" ಎಂದು ಕೇಳಿದರೆ ಅಂಗಡಿಯವನು ನನ್ನನ್ನು ಗೋಡೆಯನ್ನು ನೋಡುವ ಹಾಗೆ ನೋಡಿದ್ದ. ಮತ್ತೆ ಕೇಳಿದೆ, ಮತ್ತೆ ಹಾಗೇ. ಸಿಟ್ಟು ನೆತ್ತಿಗೇರಿ ಬರಿಗೈಯಲ್ಲಿ ಬಂದೆ. ಮಾರ್ಲೆನ್ ಸೊಂಟದ ಮೇಲೆ ಕೈಯಿಟ್ಟು, "ಮೊದಲು ಬೋಂಜೂರ್ ಅಂದೆಯಾ?" ಎಂದಳು. ಇಲ್ಲ ಅಂದೆ. "ಮತ್ತೆ ಅವನೇಕೆ ಮಾತಾಡಬೇಕು?" ಅಂದಳು. ನಮಸ್ಕಾರ ಎಂದ ಮೇಲೆಯೇ ಅಲ್ಲಿ ಮನುಷ್ಯ ಕಣ್ಣಿಗೆ ಕಾಣುವುದು. ನಮ್ಮ ದೇವರಾಜ ಮಾರುಕಟ್ಟೆಯಲ್ಲಿ ಬೆಲೆ ಕೇಳುವ ಮೊದಲು ನಮಸ್ಕಾರ ಮಾಡಿದರೆ ಸಾಲ ಕೇಳಲು ಬಂದಿದ್ದಾರೆ ಅಂದುಕೊಳ್ಳುತ್ತಾರೆ. ಒಂದೊಂದು ಊರಿಗೆ ಒಂದೊಂದು ಹೊಸಿಲು.

ಮಾಲಿನಿ ಸಂಜೆ ಬಂದಳು. ಸೊರಗಿದ್ದಳು. ಗೊಜ್ಜು ಹೋದ ಸುದ್ದಿ ಕೇಳಿಯೂ ಅಷ್ಟು ಬೇಸರಪಡದವಳು ನನ್ನ ಚೀಲದಿಂದ ಇಣುಕುತ್ತಿದ್ದ ಕೊಡೆಯನ್ನು ಕಂಡು ಗಾಬರಿಯಾದಳು.

"ಇದ್ಯಾಕೆ ತಂದ್ರಿ ದೊಡ್ಡಮ್ಮ?"

"ಮಳೆ ಊರು ಅಂದಿದ್ದೆಯಲ್ಲೇ?"

ಅವಳ ಹಿಂದೆಯೇ ಬಂದಿದ್ದ ತಂಡದ ಮುಖ್ಯಸ್ಥರು ಸಿದ್ದೇಗೌಡರು ನಕ್ಕರು. ನಂಜನಗೂಡಿನ ಹತ್ತಿರದ ಹಳ್ಳಿಯವರು. ದೊಡ್ಡ ದೊಡ್ಡ ಸಭೆಗಳಲ್ಲಿ ಇಂಗ್ಲಿಷು ಉದುರಿಸುವವರು ನನ್ನೆದುರು ಮಾತ್ರ ಊರಿನ ಮಾತಿಗೇ ಇಳಿಯುತ್ತಿದ್ದರು.

"ನಮ್ ತಂಡದಾಗೆ ಯಾರೂ ಕೊಡೆ ಇಡಿಯಾಕಿಲ್ಲ ಕಣಮ್ಮ. ಎಸರೂ ಏಳಾಕಿಲ್ಲ. ಒಳಗಿಟ್ಬುಡಿ. ನೆಂದ್ರೆ ಏನಾದದು, ಒಣಗ್ತದೆ."

ವಿಜ್ಞಾನ ಓದಿದವರ ನೇಮ ನಿಷ್ಠೆ ನಮ್ಮ ಸುಶೀಲಳನ್ನೂ ಮೀರಿಸುವಂಥದ್ದು. ಅಂದಿನಿಂದ ಕೂರೂವಿನ ಅಷ್ಟೂ ಮಳೆಯನ್ನು ನಾನು ನನ್ನ ತಲೆಯ ಮೇಲೇ ಹಿಡಿದೆ. ಕೊಡೆ ಮಾತ್ರ ಮಂಚದ ಕೆಳಗೆ ಬೆಚ್ಚಗೆ ಮಲಗಿತ್ತು.

ಉಡಾವಣೆಗೆ ಇಷ್ಟು ದೂರ ಬರುವುದೇಕೆ ಎಂದು ನೀವು ಕೇಳಬಹುದು. ಭೂಮಿ ಪೂರ್ವಕ್ಕೆ ತಿರುಗುತ್ತದೆ. ಸಮಭಾಜಕದ ಹತ್ತಿರ ಅದರ ಓಟ ಎಲ್ಲಕ್ಕಿಂತ ಜೋರು. ಅಲ್ಲಿಂದ ಪೂರ್ವಕ್ಕೆ ಹಾರಿಸಿದರೆ ಭೂಮಿಯೇ ಹಿಂದಿನಿಂದ ಒಂದು ತಳ್ಳು ತಳ್ಳುತ್ತದೆ. ಶಾಲೆಯ ತಗ್ಗು ಬಿದ್ದ ಗೋಳ ತಿರುಗಿಸಿ ತಿರುಗಿಸಿ ನಾನು ಹೇಳಿಕೊಟ್ಟ ಪಾಠ ಇದು. ಒಂದು ಕಿತ್ತಳೆ ಹಿಡಿದು ಮಾರ್ಲೆನ್‌ಗೂ ವಿವರಿಸಿದೆ. ಚಿಕ್ಕಂದಿನಿಂದ ರಾಕೆಟ್ಟು ನೋಡುತ್ತಾ ಬೆಳೆದವಳು ತಲೆಯಾಡಿಸುತ್ತಾ ಕೇಳಿ, ಪಾಠ ಮುಗಿದ ಮೇಲೆ ಕಿತ್ತಳೆ ಸುಲಿದು ಅರ್ಧ ನನಗೆ ಕೊಟ್ಟಳು.

ಮೊದಲ ಮುಹೂರ್ತ

ಉಡಾವಣೆಯ ದಿನ ಮಾರ್ಲೆನ್ ಮನೆಯ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಗೋಡೆಯ ಗೂಡಿನಲ್ಲಿದ್ದ ಪಿಂಗಾಣಿ ತಟ್ಟೆಗಳನ್ನು ಇಳಿಸಿ ಹಾಸಿಗೆಯ ಮೇಲೆ ಮಲಗಿಸಿದಳು. ಶಬ್ದಕ್ಕೆ ಅದುರಿ ಬೀಳುತ್ತವಂತೆ. ನಾಯಿಯನ್ನು ಮಡಿಲಲ್ಲಿ ಕೂರಿಸಿಕೊಂಡು, "ಈಗ ನಿಮ್ಮ ಹುಡುಗಿ ಮೇಲೆ ಹಾರಲಿ" ಎಂದಳು.

ನಾನು ಸುಶೀಲಳ ಅಪ್ಪಣೆಯಂತೆ ರೇಷ್ಮೆ ಸೀರೆ ಉಟ್ಟು ಅತಿಥಿಗಳ ತಾರಸಿ ಸೇರಿದೆ. ದೂರದಲ್ಲಿ, ಕಾಡಿನ ಅಂಚಿನಲ್ಲಿ, ಬೆಳ್ಳಗೆ ರಾಕೆಟ್ಟು. ಫ್ರೆಂಚಿನಲ್ಲಿ ಎಣಿಕೆ ಇಳಿಯುತ್ತಾ ಬಂತು, ಉಸಿರು ಬಿಗಿಹಿಡಿದೆವು, ಎಣಿಕೆ ನಿಂತಿತು. ಮತ್ತೆ ಶುರುವಾಗಲೇ ಇಲ್ಲ. ಆಕಾಶದ ಎತ್ತರದಲ್ಲೆಲ್ಲೋ ಗಾಳಿ ಜೋರಾಗಿದೆಯಂತೆ. ಕೆಳಗೆ ನನ್ನ ಸೆರಗೂ ಅಲುಗುತ್ತಿರಲಿಲ್ಲ.

ಇದೇ ನಮ್ಮೂರಿನ ಮದುವೆಯಾಗಿದ್ದರೆ, ಗಂಡಿನ ಬಸ್ಸು ಕೆಟ್ಟು ನಿಂತರೂ ಪುರೋಹಿತರು ಮುಹೂರ್ತವನ್ನು ಹಿಡಿದೆಳೆದು ಹೇಗೋ ತಾಳಿ ಕಟ್ಟಿಸಿಬಿಡುತ್ತಿದ್ದರು. ಇವರೋ, ಕಾಣದ ಗಾಳಿಯೊಂದು ಬೇಡ ಎಂದರೆ ಇಷ್ಟು ಜನರ ಮೇಳವನ್ನು ತೆಪ್ಪಗೆ ಮನೆಗೆ ಕಳಿಸುತ್ತಾರೆ. ಬಸ್ಸಿನಲ್ಲಿ ಯಾರೂ ಗೊಣಗಲಿಲ್ಲ. ಗೊಣಗಿದವಳು ನಾನೊಬ್ಬಳೇ, ಅದೂ ಕನ್ನಡದಲ್ಲಿ.

ಅಂದು ಸಂಜೆ ಮಾಲಿನಿ ಮಾರ್ಲೆನ್‌ಳ ಜಗಲಿಯಲ್ಲಿ ನನ್ನ ಪಕ್ಕ ಕುಳಿತಳು. ಕಾಲು ಚಾಚಿಕೊಂಡು ಹೇಳಿದಳು:

"ಈ ಸಲ ಕೀಲು ಪೂರ್ತಿ ಹೊಸದು ದೊಡ್ಡಮ್ಮ. ಎಷ್ಟು ಸಲ ಮಡ್ಚಿ ಬಿಚ್ಚಿ ನೋಡಿದೀವಿ ಗೊತ್ತಾ? ಒಂದ್ಸಲಾನೂ ಸಿಕ್ಕಾಕ್ಕೊಳ್ಲಿಲ್ಲ. ಕೊನೇ ಸಲ ಮಡ್ಚಿದ್ದು ನಾನೇ. ಇನ್ನು ನನ್ ಕೈಲಿಲ್ಲ."

"ಮತ್ತೆ ಹೆದ್ರಿಕೆ ಯಾಕೆ?"

"ಹಿಂದಿನ್ದೂ ಇಲ್ಲಿ ಬಿಚ್ತಿತ್ತಲ್ಲ. ಈ ಸಲಾನೂ ಮೇಲೋಗಿ ಕೈಕೊಟ್ರೆ ನಾನಿನ್ನು ಈ ಕೆಲ್ಸ ಮುಟ್ಟಲ್ಲ. ಗೌಡ್ರಿಗೂ ಹೇಳ್ಬಿಟ್ಟಿದೀನಿ."

ಅವಳು ಸ್ಪಷ್ಟವಾಗಿ ಹೇಳಿದಳು, ಅಳಲಿಲ್ಲ. ಮಗುವಾಗಿದ್ದಾಗ ಮನೆಯ ರೇಡಿಯೋ ಬಿಚ್ಚಿ ಬೈಸಿಕೊಂಡು, ಅದನ್ನು ಮತ್ತೆ ಕೂಡಿಸಿ ಹಾಡಿಸಿದವಳು. ಒಬ್ಬ ಶ್ರೀಧರನ ನಗುವಿಗೆ ಅವಳ ಕೈಗಳು ನಿಂತುಹೋಗಬೇಕೆ? ಅವನು ಎದುರಿಗಿದ್ದಿದ್ದರೆ ಮಂಚದ ಕೆಳಗಿದ್ದ ನನ್ನ ಕೊಡೆಗೆ ಅಂದು ಒಳ್ಳೆಯ ಉಪಯೋಗ ಸಿಗುತ್ತಿತ್ತು.

ಎರಡನೆಯ ಮುಹೂರ್ತ

ಮತ್ತೆ ಪಿಂಗಾಣಿ ಹಾಸಿಗೆಯ ಮೇಲೆ, ಮತ್ತೆ ಅದೇ ರೇಷ್ಮೆ ಸೀರೆ. ಕೂರೂವಿನಲ್ಲಿ ಬೆಳಗಿನ ತಿಂಡಿಯ ಹೊತ್ತು, ಮೈಸೂರಿನಲ್ಲಿ ದೀಪ ಹಚ್ಚುವ ಹೊತ್ತು. ಕೊನೆಯ ಕ್ಷಣಗಳಲ್ಲಿ ಕೆಲಸವೆಲ್ಲ ರಾಕೆಟ್ಟಿನವರದು, ಆದ್ದರಿಂದ ನಮ್ಮವರೂ ತಾರಸಿಗೆ ಬಂದಿದ್ದರು. ಸಿದ್ದೇಗೌಡರು ಮಗಳನ್ನು ಧಾರೆ ಎರೆದ ತಂದೆಯಂತೆ ಕೈಕಟ್ಟಿ ನಿಂತಿದ್ದರು. ಮಾಲಿನಿ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ಎಣಿಕೆ ಈ ಸಲ ನಿಲ್ಲಲಿಲ್ಲ. ಕಾಡಿನ ಅಂಚಿನಲ್ಲಿ ಬೆಳಕು ಒಡೆಯಿತು, ಹೊಗೆ ಉಬ್ಬಿತು, ರಾಕೆಟ್ಟು ನಿಧಾನವಾಗಿ, ಎದ್ದೇಳಲೋ ಬೇಡವೋ ಎನ್ನುವಂತೆ ಎದ್ದಿತು. ಏನೂ ಸದ್ದಿಲ್ಲ. ಬೆಳಕು ಮೊದಲು, ಶಬ್ದ ಆಮೇಲೆ ಎಂದು ಪಾಠ ಮಾಡಿದ ನಾನೇ ಅದನ್ನು ಮರೆತಿದ್ದೆ. ಆ ಪೂರ್ಣ ನಿಶ್ಶಬ್ದದಲ್ಲಿ, ಇಡೀ ತಾರಸಿ ಬಾಯಿ ತೆರೆದು ನಿಂತಿರುವಾಗ, ಒಂದು ಧ್ವನಿ ಗಟ್ಟಿಯಾಗಿ ಕೂಗಿತು:

"ಹೋಗ್ಬಿಟ್ಟು ಬಾರಮ್ಮಾ!"

ಕೂಗಿದವಳು ನಾನು.

ಆಗ ಶಬ್ದ ಬಂತು. ಕಿವಿಗಿಂತ ಮೊದಲು ಎದೆಗೆ ಬಂತು. ತಾರಸಿ ನಡುಗಿತು, ನನ್ನ ಬಳೆಗಳು ತಾವಾಗಿ ಗಲಗಲ ಅಂದವು. ರಾಕೆಟ್ಟು ಮೋಡ ಹೊಕ್ಕು ಸಮುದ್ರದ ಮೇಲೆ ಪೂರ್ವಕ್ಕೆ ವಾಲಿತು. ನನ್ನ ಜೀವಮಾನದಲ್ಲಿ ಅಷ್ಟು ದೊಡ್ಡ ಸೊಗಸನ್ನು ನಾನು ಕಂಡಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಗುಡುಗು ದೂರವಾಗುತ್ತಿದ್ದಂತೆ ಸಿದ್ದೇಗೌಡರು ನನ್ನ ಕಡೆ ತಿರುಗಿದರು.

"ಏನ್ ಮಿಸ್ಸೂ, ಬಾ ಅಂದ್ಬುಟ್ರಲ್ಲ! ಅದು ಬಂದ್ರೆ ಸಮುದ್ರುಕ್ಕೇ ಕಣಮ್ಮ ಬರಾದು!"

ಅವರು ನಗುತ್ತಲೇ ಹೇಳಿದರು, ಆದರೆ ನಗು ಗಲ್ಲದವರೆಗೆ ಮಾತ್ರ ಬಂದಿತ್ತು. ಮಾಲಿನಿ ನಗಲೇ ಇಲ್ಲ. ಲೋಕದಲ್ಲಿ 'ಹೋಗಿ ಬಾ' ಎನ್ನಬಾರದ ಪಯಣ ಒಂದೇ ಒಂದಿದ್ದರೆ ಅದು ಇದು, ಅದಕ್ಕೇ ನಾನು ಅಂದುಬಿಟ್ಟಿದ್ದೆ. ಮಾಡುವುದೇನು? ಗೊತ್ತಿರುವ ಪರಿಹಾರ ಒಂದೇ. ಹತ್ತಿರದ ಕುರ್ಚಿ ಎಳೆದು ಕುಳಿತು, "ಯಾರಾದ್ರೂ ನೀರು ಕೊಡಿ" ಎಂದೆ.

ಇಂಥದ್ದನ್ನೆಲ್ಲ ಕಂಡರೆ ಮೂಗು ಮುರಿಯುತ್ತಿದ್ದ ಮಾಲಿನಿ ತನ್ನ ಬಾಟಲಿ ತಂದು ನನ್ನ ಕೈಗಿತ್ತಳು. "ಪೂರ್ತಿ ಕುಡೀರಿ ದೊಡ್ಡಮ್ಮ," ಎಂದಳು. ಪೂರ್ತಿ ಕುಡಿದೆ.

ಆಮೇಲೆ ಕಾಯುವುದು. ಎಲ್ಲರೂ ಒಳಗಿನ ದೊಡ್ಡ ಪರದೆಯ ಮುಂದೆ ಸೇರಿದೆವು. ಒಂದು ಹಂತ ಕಳಚಿತು, ಚಪ್ಪಾಳೆ. ಮೂತಿಯ ಕವಚ ಕಳಚಿತು, ಚಪ್ಪಾಳೆ. ಕೊನೆಗೆ ಉಪಗ್ರಹವೇ ರಾಕೆಟ್ಟಿನಿಂದ ಬಿಡಿಸಿಕೊಂಡಿತು. ಆಗ ಮಾತ್ರ ನಮ್ಮವರು ಚಪ್ಪಾಳೆ ತಟ್ಟಲಿಲ್ಲ. ಅದು ಬದುಕಿದೆಯೇ, ಮಾತಾಡುತ್ತದೆಯೇ ಎನ್ನುವುದನ್ನು ಭೂಮಿಯ ಆ ಕಡೆಯಿಂದ ಹೇಳಬೇಕಾದದ್ದು ಹಾಸನದ ನಿಯಂತ್ರಣ ಕೇಂದ್ರ. ಹೌದು, ನಮ್ಮ ಹಾಸನವೇ. ಮೈಸೂರಿನಲ್ಲಿ ಬೆಳಿಗ್ಗೆ ತಿಂಡಿ ತಿಂದು ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ಹಾಸನ.

ಸ್ಪೀಕರಿನಲ್ಲಿ ಕರಕರ ಸದ್ದಾಯಿತು. ಒಂದು ಧ್ವನಿ ಇಂಗ್ಲಿಷಿನಲ್ಲಿ, ಹಾಸನ, ಸಂಕೇತ ಸಿಕ್ಕಿದೆ ಎಂದಿತು. ಸಿದ್ದೇಗೌಡರು ಮೈಕು ಬಾಚಿಕೊಂಡು, ಅಷ್ಟು ಫ್ರೆಂಚರ ನಡುವೆ, ಕನ್ನಡದಲ್ಲೇ ಕೇಳಿದರು:

"ಎಂಗದೆ?"

"ಚೆನ್ನಾಗದೆ ಸಾರ್! ಗಟ್ಟಿಯಾಗೇ ಕೇಳಿಸ್ತಾ ಅದೆ!"

ನನ್ನನ್ನು ತಬ್ಬಿಕೊಂಡವರಲ್ಲಿ ಅರ್ಧ ಜನ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸುಶೀಲ ಫೋನಿನಲ್ಲಿ ಕಿರುಚುತ್ತಿದ್ದಳು, ಹಿಂದೆ ದೇವರ ಮನೆಯ ಗಂಟೆ ಕೇಳುತ್ತಿತ್ತು. ಮಾಲಿನಿ ಮಾತ್ರ ಪರದೆ ನೋಡುತ್ತಾ ನಿಂತಿದ್ದಳು. ಅವಳ ಡಿಶ್ ಬಿಚ್ಚಲು ಇನ್ನೂ ದಿನಗಳಿದ್ದವು.

ಊರಿಗೆ ಹೊರಡುವಾಗ ಮಾರ್ಲೆನ್ ಗೇಟಿನವರೆಗೆ ಬಂದು ಎರಡೂ ಕೆನ್ನೆಗೆ ಮುತ್ತಿಟ್ಟು ಅವರ ವಿದಾಯದ ಮಾತು ಹೇಳಿದಳು. ಹಾಗೆಂದರೇನು ಎಂದು ಕೇಳಿದೆ. ಮತ್ತೆ ಕಾಣುವವರೆಗೆ ಎಂದಳು. ಅಲ್ಲಿಯೂ ಯಾರೂ 'ಹೊರಟೆ' ಎನ್ನುವುದಿಲ್ಲ ಎಂದು ತಿಳಿದು ನನಗೆ ಎಷ್ಟೋ ಸಮಾಧಾನವಾಯಿತು.

ಮತ್ತೆ ಲಕ್ಷ್ಮೀಪುರಂ

ಮಾಲಿನಿ ನೇರ ಹಾಸನಕ್ಕೆ ಹೋದಳು. ನಾನು ಮನೆಗೆ ಬಂದೆ. ತಾರಸಿಯ ಮೇಲೆ 'ಬಾ' ಎಂದು ಕೂಗಿದ್ದನ್ನು ಸುಶೀಲಳಿಗೆ ಹೇಳಲಿಲ್ಲ. ಹೇಳಿದ್ದರೆ ನಮ್ಮಿಬ್ಬರಲ್ಲಿ ಒಬ್ಬಳು ಇಂದು ಇರುತ್ತಿರಲಿಲ್ಲ. ಉಪಗ್ರಹ ಸ್ವಂತ ಎಂಜಿನ್ ಉರಿಸಿಕೊಂಡು ಮೇಲೆ ಮೇಲೆ ಏರುತ್ತಿದೆ ಎಂದು ಮಾಲಿನಿ ಫೋನು ಮಾಡುತ್ತಿದ್ದಳು. ಆಮೇಲೆ ಎರಡು ದಿನ ಫೋನೇ ಇಲ್ಲ. ಟಿವಿಯಲ್ಲಿ ಧಾರಾವಾಹಿ ಓಡುತ್ತಿದ್ದರೂ ಸುಶೀಲ ಫೋನನ್ನೇ ನೋಡುತ್ತಿದ್ದಳು. ನಾನು ಹುರುಳಿಕಾಯಿ ನಾರು ತೆಗೆಯುವ ನೆಪದಲ್ಲಿ ಕಾಯಿಗಳನ್ನೇ ಹಾಳು ಮಾಡುತ್ತಿದ್ದೆ.

ಮಧ್ಯಾಹ್ನ ಫೋನು ಬಂತು. ನಾನೇ ಎತ್ತಿದೆ.

"ಮಾಲಿನಿ? ಏನಾಯ್ತೇ? ಹೇಳೇ!"

"ಬಿಚ್ಕೊಂಡ್ತು ದೊಡ್ಡಮ್ಮ."

ಅಷ್ಟು ಹೇಳಿ ಅವಳು ಜೋರಾಗಿ ಅತ್ತಳು. ನಾನೂ ಅತ್ತೆ. ನಾನು ಅಳುವುದನ್ನು ಕಂಡು ಕೆಟ್ಟದ್ದೇ ಆಯಿತೆಂದುಕೊಂಡು ಸುಶೀಲ ಎದೆ ಹಿಡಿದು ಕುಸಿದಳು. ಅವಳಿಗೆ ನಿಜ ತಿಳಿಸಿ ಎಬ್ಬಿಸುವುದರೊಳಗೆ ಸಾಕುಬೇಕಾಯಿತು. ಎದ್ದವಳು ಬೀದಿಗೆ ಓಡಿ, ಹೂ ಮಾರುವವಳಿಂದ ಹಿಡಿದು ಎದುರು ಮನೆಯ ಮೇಷ್ಟ್ರವರೆಗೆ ಎಲ್ಲರಿಗೂ, "ನಮ್ ಮಾಲಿನಿದು ಬಿಚ್ಕೊಂಡ್ತಂತೆ ಕಣ್ರೀ!" ಎಂದು ಸಾರಿ ಬಂದಳು. ಏನು ಬಿಚ್ಚಿಕೊಂಡಿತೆಂದು ತಿಳಿಯದೆಯೂ ಬೀದಿಯೆಲ್ಲ ಸಂತೋಷಪಟ್ಟಿತು.

ಕೆಲವು ವಾರಗಳಾದ ಮೇಲೆ ಮಾಲಿನಿ ಮನೆಗೆ ಬಂದಳು. ಸಂಜೆ ಮೂವರೂ ತಾರಸಿಗೆ ಹೋದೆವು. ಆಗ್ನೇಯಕ್ಕೆ ಚಾಮುಂಡಿ ಬೆಟ್ಟ. ಮಾಲಿನಿ ಬೆಟ್ಟದ ಕಡೆಗೆ ಮುಖ ಮಾಡಿ, ತೋಳನ್ನು ಬಹಳ ಮೇಲೆ, ಹೆಚ್ಚುಕಡಿಮೆ ನೆತ್ತಿಯ ತನಕ ಎತ್ತಿ, "ಅಲ್ಲಿ. ಮೊನ್ನೆ ಜಾಗಕ್ಕೆ ಬಂದು ನಿಂತ್ಕೊಂಡ್ತು," ಎಂದಳು. ಏನೂ ಕಾಣಲಿಲ್ಲ. ಆದರೂ ಸುಶೀಲ ಕೈ ಮುಗಿದಳು.

"ಇನ್ನು ಅಲ್ಲಿಂದ ಎಲ್ಲಿಗೂ ಹೋಗಲ್ವೇನೇ?"

"ಇಲ್ಲಮ್ಮ. ಭೂಮಿ ಜೊತೇಲೇ ತಿರುಗುತ್ತಲ್ಲ, ನಮಗೆ ಯಾವಾಗ್ಲೂ ಅಲ್ಲೇ ಇರತ್ತೆ."

ನನಗೆ ಆಗ ಹೊಳೆಯಿತು. ಲಕ್ಷ್ಮೀಪುರದಿಂದ ಹೊರಟು ಕೂರೂಗೆ ಹೋದ ನಾನು ಮನೆಗೆ ಬಂದಿದ್ದೆ. ನಮ್ಮ ಬೆಂಗಳೂರಿನಲ್ಲಿ ಹುಟ್ಟಿ, ಕೂರೂಗೆ ಹೋಗಿ, ಅಲ್ಲಿಂದ ಹಾರಿ, ಭೂಮಿಯನ್ನು ಸುತ್ತಿ, ಅದೂ ಬಂದಿತ್ತು. ನಮ್ಮ ತಾರಸಿಯ ಮೇಲಕ್ಕೇ ಬಂದಿತ್ತು.

"ನೋಡೇ ಮಾಲಿನಿ, ಹೋಗ್ಬಿಟ್ಟು ಬಾ ಅಂದಿದ್ದಕ್ಕೆ ನಿಮ್ ಗೌಡ್ರು ನನ್ನ ಬೈದ್ರಲ್ಲ, ಹೇಳು ಅವರಿಗೆ. ಹೋಗ್ಬಿಟ್ಟು ಬಂತು ಅಂತ."

ಮಾಲಿನಿ ನಕ್ಕಳು. ಹೊಟ್ಟೆ ಹಿಡಿದುಕೊಂಡು, ತಾರಸಿಯ ಗೋಡೆಗೆ ಒರಗಿ ನಕ್ಕಳು. ಆ ನಗುವನ್ನು ನಾವು ಕೇಳಿ ವರ್ಷಗಳೇ ಆಗಿದ್ದವು. ಏನು ವಿಷಯವೆಂದು ಸುಶೀಲ ಕೇಳುತ್ತಲೇ ಇದ್ದಳು, ನಾನು ಜಾಣತನದಿಂದ ಮಾತು ತಿರುಗಿಸಿ, ಬರುವ ಭಾನುವಾರ ಶ್ರೀಧರನ ಮಗನ ಮದುವೆ ಇರುವುದನ್ನು ನೆನಪಿಸಿದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಮಾಲಿನಿ ಕಣ್ಣೊರೆಸಿಕೊಂಡಳು.

"ನಾನೂ ಬರ್ತೀನಿ," ಎಂದಳು.

ಸುಶೀಲ ನನ್ನ ಮುಖ ನೋಡಿದಳು. "ಅವನು ಮತ್ತೆ ಏನಾದ್ರೂ ಅಂದ್ರೆ, ಪುಟ್ಟೀ?"

"ಅನ್ಲಿ ಬಿಡಮ್ಮ. ಪಂಕ್ತೀಲೇ ಕೂತ್ಕೋತೀನಿ, ಪೂರ್ತಿ ಊಟ ಮಾಡ್ತೀನಿ. ನಿನ್ ಕೊಡೆ ಎಲ್ಲಮ್ಮ ಅಂತ ಕೇಳಿದ್ರೆ, ನಿಮ್ ತಲೆ ಮೇಲೇ ಇದೆ ಮಾವ, ಬಿಚ್ಕೊಂಡೇ ಇದೆ ಅಂತೀನಿ."